ಯಾರೂ ಬಿಚ್ಚದ ಹಸಿರು ಇಂಜಿನ್

"ಇದನ್ನ ಬಿಚ್ಚದೇ ರಿಪೇರಿ ಮಾಡಿಕೊಡ್ಬೇಕು" ಅಂದ ಗಿರಾಕಿಯನ್ನು ವಾಚ್ ರಿಪೇರಿಯವಳು ಕತ್ತೆತ್ತಿ ನೋಡಿದಳು. ಅಪ್ಪನ ಅಂಗಡಿಯಲ್ಲಿ ಕೂತು ಹದಿನಾಲ್ಕು ವರ್ಷವಾಗಿತ್ತು. ನೀರಿಗೆ ಬಿದ್ದ ವಾಚು, ನಾಯಿ ಅಗಿದ ವಾಚು, ಸಿಟ್ಟಿನಲ್ಲಿ ಗೋಡೆಗೆ ಅಪ್ಪಳಿಸಿದ ವಾಚು, ಎಲ್ಲ ಕಂಡಿದ್ದಳು. ಬಿಚ್ಚದೇ ರಿಪೇರಿ ಮಾಡಿ ಅಂದ ಮಹಾನುಭಾವ ಇವನೊಬ್ಬನೇ.

ಹೊಸಬನೇನಲ್ಲ. ಅದೇ ರಸ್ತೆಯಲ್ಲಿ ಆರು ಅಂಗಡಿ ದಾಟಿದರೆ ಇವನ ಕನ್ನಡಕದ ಅಂಗಡಿ. ಎದುರಾದಾಗ ಒಂದು ನಗೆ, ಅದಕ್ಕಿಂತ ಹೆಚ್ಚಿನ ಪರಿಚಯ ಇರಲಿಲ್ಲ. ನಲವತ್ತು ದಾಟಿದ, ಅಂಗಿಯ ತೋಳನ್ನು ಕೂಡ ಅಳತೆ ಇಟ್ಟು ಮಡಚುವ ಮನುಷ್ಯ. ರಟ್ಟಿನ ಡಬ್ಬಿ ತೆರೆದು, ಬಟ್ಟೆಯಲ್ಲಿ ಸುತ್ತಿದ್ದೊಂದನ್ನು ಮೆಲ್ಲಗೆ ಅವಳ ಮೇಜಿನ ಮೇಲಿಟ್ಟ. ಗೇಣುದ್ದದ ಹಸಿರು ರೈಲು ಇಂಜಿನ್. ಹೊಗೆ ಕೊಳವೆ ಸೊಟ್ಟಗಾಗಿತ್ತು, ಮುಂದಿನ ಕಂಬಿ ನೆಗ್ಗಿಹೋಗಿತ್ತು.

ಆಟದ ಸಾಮಾನಾ ಅಂತ ಕೇಳಿಬಿಟ್ಟಳು. ಅವನ ಮುಖ ಸಪ್ಪಗಾಯಿತು. ಆಟದ ಸಾಮಾನಲ್ಲ, ಮಾಡೆಲ್ ಅಂದ. ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಹಾಲ್‌ನಲ್ಲಿ ಪುಟ್ಟ ರೈಲುಗಳ ಕ್ಲಬ್ಬೊಂದಿದೆ, ತಾನು ಅದರ ಮೆಂಬರ್, ಈ ಇಂಜಿನ್ ಪ್ರತಿ ವರ್ಷ ಪ್ರದರ್ಶನದ ದಿನ ಎಲ್ಲರ ಎದುರು ಹಳಿ ತಪ್ಪುತ್ತೆ, ಈ ಸಲ ಟೇಬಲ್ಲಿನಿಂದ ಕೆಳಕ್ಕೇ ಬಿತ್ತು ಅಂತ ತಡೆತಡೆದು ಹೇಳಿದ. ಕ್ಲಬ್ಬಿನಲ್ಲಿ ಕೆಲವು ನಂಬಿಕೆಗಳಿವೆಯಂತೆ. ಹಾಲ್‌ನಲ್ಲಿ ಯಾರೂ ಸಿಳ್ಳೆ ಹಾಕಬಾರದು. ಓಡೋ ರೈಲಿನ ಬೋಗಿ ಎಣಿಸಬಾರದು. ಮೂರು ಸಲ ಬಿದ್ದ ಇಂಜಿನ್ ಅಪಶಕುನದ್ದು, ಅದನ್ನ ಮಾರಬಾರದು, ಬಿಸಾಡಬಾರದು, ಮುಖ್ಯವಾಗಿ ಅದರ ಸ್ಕ್ರೂ ಮುಟ್ಟಬಾರದು.

"ಮುಟ್ಟಿದ್ರೆ?"

"ಒಳಗಿರೋದು ಹೊರಗೆ ಬರುತ್ತೆ ಅಂತಾರೆ."

"ಒಳಗೇನಿದೆ?"

"ಮೋಟಾರು" ಅಂದ ಅವನು, ಅಷ್ಟೇ ಗಂಭೀರವಾಗಿ.

ಅವಳಿಗೆ ನಗು ತಡೆಯಲಾಗಲಿಲ್ಲ. ಹಿಂದಿನ ಕೋಣೆಯಿಂದ ಚಿಕ್ಕಮ್ಮ ಇಣುಕಿ ನೋಡುವಷ್ಟು ಜೋರಾಗಿ ನಕ್ಕಳು. ಒಂದು ಕ್ಷಣ ಪೆಚ್ಚಾಗಿ ನಿಂತ ಕನ್ನಡಕದವನು ಆಮೇಲೆ ತಾನೂ ನಕ್ಕ. ನಕ್ಕಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಕೊಂಚ ಹೆಚ್ಚು ಕಿರಿದಾಗುತ್ತಿತ್ತು. ಅದನ್ನು ಗಮನಿಸಿದ್ದೇ ತಪ್ಪಾಯಿತು ಅಂತ ಆಮೇಲೆ ಅವಳಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಕೊಳವೆ ನೆಟ್ಟಗೆ ಮಾಡೋದು, ಕಂಬಿ ಸರಿ ಮಾಡೋದು, ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ಅವಳು ಒಂದೂವರೆ ತಿಂಗಳು ಇಟ್ಟುಕೊಂಡಳು. ಮೊದಲು ಆ ಹಸಿರು ಬಣ್ಣ ಸಿಗಲಿಲ್ಲ ಅಂದಳು, ಆಮೇಲೆ ಸಿಕ್ಕಿದ ಬಣ್ಣ ಹೊಂದಲಿಲ್ಲ ಅಂದಳು. ಅವನೂ ಅವಸರ ಮಾಡಲಿಲ್ಲ. ದಿನಾ ಬೆಳಗ್ಗೆ ಹತ್ತಕ್ಕೆ, ತನ್ನ ಅಂಗಡಿಯ ಬಾಗಿಲು ತೆಗೆಯುವ ಮುಂಚೆ, ಇಂಜಿನ್ ಹೇಗಿದೆ ಅಂತ ಕೇಳಲು ಬರುತ್ತಿದ್ದ. ಆಸ್ಪತ್ರೆಯಲ್ಲಿರೋ ನೆಂಟರನ್ನು ವಿಚಾರಿಸಿದ ಹಾಗೆ ಎರಡು ನಿಮಿಷ ಅದರ ಮಾತು, ಉಳಿದ ಅರ್ಧ ಗಂಟೆ ಲೋಕಾಭಿರಾಮ. ಆ ರೈಲು ಸದ್ಯಕ್ಕೆ ಹೊರಡೋ ಹಾಗೆ ಕಾಣಲ್ಲ ಅಂತ ಚಿಕ್ಕಮ್ಮ ಒಳಗಿಂದಲೇ ಒಗ್ಗರಣೆ ಹಾಕುತ್ತಿದ್ದರು.

ಅವಳಿಗೆ ಮೂವತ್ತೆಂಟು. ಬಂದ ಎರಡು ಸಂಬಂಧ ಮಾತಿನಲ್ಲೇ ಮುರಿದಿದ್ದವು. ಆಮೇಲೆ ಅಪ್ಪನ ಕಾಯಿಲೆ, ಸಾವು, ಅಂಗಡಿಯ ಜವಾಬ್ದಾರಿ. ಆ ಅಧ್ಯಾಯ ಮುಗಿಯಿತು ಅಂತ ತಾನೇ ತೀರ್ಮಾನಿಸಿ, ಅದಕ್ಕೆ ಅಳುವುದನ್ನೂ ಬಿಟ್ಟಿದ್ದಳು. ಈಗ ನೋಡಿದರೆ ತಲೆ ಬಾಚುವಾಗ ಕನ್ನಡಿಯೆದುರು ಐದು ನಿಮಿಷ ಹೆಚ್ಚು ನಿಲ್ಲುತ್ತಿದ್ದಳು. ಈ ಮನುಷ್ಯ ತನಗೆ ಬೇಕು ಅಂತ ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಅವನು ಬಾಯಿ ಬಿಡುವುದನ್ನೇ ಕಾಯುತ್ತಿದ್ದಳು.

ಒಂದು ದಿನ ಅವನೇ ಅಂದ, ನೀವು ವಾಚನ್ನ ಮೊದಲಿಗಿಂತ ದೂರ ಹಿಡೀತಿದ್ದೀರಿ, ಕಣ್ಣು ಟೆಸ್ಟ್ ಮಾಡಿಸ್ಕೊಳ್ಳಿ. ಮಧ್ಯಾಹ್ನ ಹೋದಳು. ಕಿರಿದಾದ ಕೋಣೆ, ಎದುರಿಗೆ ಬೆಳಕು ಬಿದ್ದ ಅಕ್ಷರಗಳ ಹಲಗೆ. ಭಾರದ ಫ್ರೇಮನ್ನು ಅವಳ ಮುಖಕ್ಕಿಟ್ಟು, ಕಿವಿಯ ಹಿಂದೆ ಕಡ್ಡಿ ಸರಿಪಡಿಸಿದ. ಬೆರಳು ತಾಗದ ಹಾಗೆ ಎಷ್ಟು ಎಚ್ಚರ ವಹಿಸಿದನೆಂದರೆ ಆ ಎಚ್ಚರವೇ ತಾಗಿತು. ಒಂದೊಂದೇ ಗಾಜು ಬದಲಿಸುತ್ತಾ ಇದು ಚೆನ್ನಾಗಿದೆಯಾ, ಇದಾ ಅಂತ ಕೇಳಿದ.

ನೆಟ್ಟಗೆ ನೋಡಿ ಅಂದಿದ್ದ. ನೆಟ್ಟಗೆ ನೋಡಿದರೆ ಕಾಣುತ್ತಿದ್ದದ್ದು ಅವನ ಅಂಗಿಯ ಎರಡನೇ ಗುಂಡಿ. ಅವಳು ಕಣ್ಣು ಮೇಲೆತ್ತಿದಳು. ಅವನ ಕೈಯಲ್ಲಿದ್ದ ಗಾಜು ಅಲ್ಲೇ ನಿಂತಿತು. ಹಾಕುವುದೋ ತೆಗೆಯುವುದೋ ಮರೆತವನ ಹಾಗೆ ಅವಳನ್ನೇ ನೋಡಿದ, ಅವಳೂ ನೋಟ ಕದಲಿಸಲಿಲ್ಲ.

"ನಿಮ್ಮ ಹತ್ರ ಒಂದು ಮಾತು ಕೇಳ್ಬೇಕಿತ್ತು" ಅಂದ.

"ಕೇಳಿ."

ಅವನು ಕೈಯಲ್ಲಿದ್ದ ಗಾಜನ್ನು ಫ್ರೇಮಿಗೆ ಸಿಕ್ಕಿಸಿದ. "ನಂಬರ್ ಒಂದೂಕಾಲು ಬಂದಿದೆ" ಅಂದ.

ಮಾರನೇ ದಿನ ಹತ್ತಕ್ಕೆ ಅವನು ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ನಾಲ್ಕನೇ ದಿನ ಫೋನಿಗೊಂದು ಮೆಸೇಜು ಬಂತು, ಇಂಜಿನ್ ಆದಷ್ಟಕ್ಕೆ ವಾಪಸ್ ಕೊಡಿ, ಸಾಕು ಅಂತ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೊಡೋಣವಂತೆ, ಎಲ್ಲರೆದುರೇ ಕೊಡೋಣ ಅಂದುಕೊಂಡು ಭಾನುವಾರ ಮಧ್ಯಾಹ್ನ ಡಬ್ಬಿ ಹಿಡಿದು ಕ್ಲಬ್ಬಿಗೇ ಹೋದಳು.

ಉದ್ದನೆಯ ಹಾಲ್, ಗೋಡೆಯಿಂದ ಗೋಡೆಗೆ ಟೇಬಲ್ಲುಗಳು, ಮೇಲೆ ಹಳಿ, ಸುರಂಗ, ಬೆಂಕಿಪೊಟ್ಟಣದಷ್ಟು ಸ್ಟೇಷನ್ನು. ಹದಿನೈದು ಇಪ್ಪತ್ತು ಜನ ದೊಡ್ಡ ಗಂಡಸರು ಬಗ್ಗಿ ನಿಂತಿದ್ದರು. ಕನ್ನಡಕದವನು ಇನ್ನೂ ಬಂದಿರಲಿಲ್ಲ. ಡಬ್ಬಿಯನ್ನು ಗುರುತಿಸಿದವರು ಒಬ್ಬೊಬ್ಬರಾಗಿ ದೂರ ಸರಿದರು. ಹತ್ತಿರ ಬಂದು ಕುರ್ಚಿ ಎಳೆದುಕೊಟ್ಟದ್ದು ಒಬ್ಬ ಮುದುಕರು, ರಿಟೈರಾದ ಪೋಸ್ಟ್‌ಮ್ಯಾನು. ಎಲ್ಲರೂ ಅವರನ್ನು ಸಿಗ್ನಲ್ ತಾತ ಅನ್ನುತ್ತಿದ್ದರು, ಅಲ್ಲಿನ ಪುಟ್ಟ ಸಿಗ್ನಲ್‌ಗಳೆಲ್ಲ ಅವರ ಕೈಕೆಲಸ.

ತಾತ ಅವಳಿಗೆ ಕನ್ನಡಕದವನು ಹೇಳದೆ ಬಿಟ್ಟದ್ದನ್ನು ಹೇಳಿದರು. ಈ ಇಂಜಿನ್ ಮೊದಲು ಒಬ್ಬ ಬೇಕರಿಯವರದು. ಕೊಂಡ ವರ್ಷವೇ ಅವರ ಹೆಂಡತಿ ಮನೆ ಬಿಟ್ಟು ಹೋದಳು. ಆಮೇಲೆ ಒಬ್ಬ ಲಾಯರ್ ಇಟ್ಟುಕೊಂಡರು, ಅದೇ ತಿಂಗಳು ತಮ್ಮ ತೀರಿಕೊಂಡ. ಆಗ ಕ್ಲಬ್ಬಿನಲ್ಲಿ ಒಂದು ಪದ್ಧತಿಯಾಯಿತು: ಕಳೆದುಕೊಳ್ಳೋಕೆ ಯಾರೂ ಇಲ್ಲದವರು ಮಾತ್ರ ಇದನ್ನ ಇಟ್ಟುಕೊಳ್ಳಬೇಕು. ಆ ವರ್ಷ ತಾನೇ ಕನ್ನಡಕದವನ ನಿಶ್ಚಯವಾಗಿದ್ದ ಮದುವೆ ಮುರಿದಿತ್ತು. ತಾನಾಗಿ ಕೈ ಎತ್ತಿದ. ಒಂಬತ್ತು ವರ್ಷವಾಯಿತು.

"ಈಗ ಅವನಿಗೆ ಯಾರೋ ಸಿಕ್ಕಿರೋ ಹಾಗಿದೆ ಮಗಳೇ" ಅಂದರು ತಾತ, ಅವಳ ಮುಖ ನೋಡದೆ. "ಸಿಕ್ಕಿದ್ರೆ ಇಂಜಿನ್ ಕೈ ದಾಟಿಸ್ಬೇಕು. ಮುಂದಿನ ಸರದಿ ನಂದು. ಹೋದ ವರ್ಷ ನಮ್ಮನೆಯವಳು ತೀರ್ಕೊಂಡ್ಳಲ್ಲ. ನಾನು ತಗೋತೀನಪ್ಪಾ ಅಂದೆ. ಅವನು ಒಪ್ತಾ ಇಲ್ಲ."

ಅವಳ ಸಿಟ್ಟು ಇಳಿದಿರಲಿಲ್ಲ, ಆದರೆ ಅದೀಗ ಬೇರೆ ಕಡೆ ತಿರುಗಿತ್ತು. ಚೀಲದಿಂದ ಸಣ್ಣ ಸ್ಕ್ರೂ ಡ್ರೈವರ್ ತೆಗೆದಳು. ಬೇಡಮ್ಮಾ ಅಂತ ಯಾರೋ ಅಂದರು. ಅವಳು ಮೊದಲನೇ ಸ್ಕ್ರೂ ತಿರುಗಿಸಿದಾಗ ಗುಂಪು ಎರಡು ಹೆಜ್ಜೆ ಹಿಂದೆ ಹೋಯಿತು, ಒಬ್ಬರಂತೂ ಚಪ್ಪಲಿ ಮೆಟ್ಟಿ ಹೊರಗೇ ನಡೆದುಬಿಟ್ಟರು.

ಮೋಟಾರು ಚೆನ್ನಾಗಿತ್ತು. ಗೇರುಗಳೂ ಚೆನ್ನಾಗಿದ್ದವು. ಚಕ್ರಗಳ ನಡುವಿನ ಅಂತರವನ್ನು ಒಂದೊಂದಾಗಿ ಅಳೆದಳು. ನಡುವಿನ ಜೋಡಿಗೆ ಬಂದಾಗ ಕೈ ನಿಂತಿತು. ಎರಡು ಚಕ್ರಗಳ ನಡುವೆ ಅರ್ಧ ಮಿಲಿಮೀಟರ್ ಕಡಿಮೆ. ಕಾರ್ಖಾನೆಯಲ್ಲೇ ಹಾಗೆ ಕೂರಿಸಿದ್ದರು. ನೇರ ಹಳಿಯ ಮೇಲೆ ಗೊತ್ತಾಗುವುದಿಲ್ಲ, ಹಳಿ ಎರಡಾಗಿ ಕವಲೊಡೆಯುವ ಜಾಗ ಬಂದಾಗ ಚಕ್ರ ಮೇಲೆ ಹತ್ತಿ ಜಾರುತ್ತೆ. ಬಿಚ್ಚಿ ಅಳೆದಿದ್ದರೆ ಯಾರಿಗಾದರೂ ಮೊದಲ ವರ್ಷವೇ ಗೊತ್ತಾಗುತ್ತಿತ್ತು. ಮುಟ್ಟಬಾರದು ಅಂತ ತಾವೇ ಮಾಡಿಕೊಂಡ ನಿಯಮದಿಂದಾಗಿ ಇಷ್ಟು ವರ್ಷ ಯಾರೂ ಮುಟ್ಟಿರಲಿಲ್ಲ.

ಚಕ್ರವನ್ನು ಎಳೆದು ಸರಿಮಾಡಿ, ಸ್ಕ್ರೂಗಳನ್ನು ಬಿಗಿದು ತಲೆ ಎತ್ತುವಾಗ ಬಾಗಿಲಲ್ಲಿ ಕನ್ನಡಕದವನು ನಿಂತಿದ್ದ. ಎಷ್ಟು ಹೊತ್ತಾಗಿತ್ತೋ. ಅವಳು ಇಂಜಿನ್ನನ್ನು ಹಳಿಯ ಮೇಲಿಟ್ಟಳು. ತಾತ ಸ್ವಿಚ್ ಒತ್ತಿದರು. ಅದು ಸುರಂಗ ದಾಟಿತು, ಕವಲು ದಾಟಿತು, ಸ್ಟೇಷನ್ ದಾಟಿ ಮತ್ತೆ ಬಂತು. ಏಳು ಸುತ್ತು ಹಾಕಿದರೂ ಎಲ್ಲೂ ಎಡವಲಿಲ್ಲ. ಅಷ್ಟಾದರೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕ್ಲಬ್ಬಿನ ಅಧ್ಯಕ್ಷರು, ಮೂವತ್ತು ವರ್ಷ ಗಣಿತ ಪಾಠ ಮಾಡಿದವರು, ಇದು ನಮ್ಮನ್ನ ನಂಬಿಸೋಕೆ ಹೀಗೆ ಮಾಡ್ತಿದೆ ಅಂದರು.

ಅವಳು ಇಂಜಿನ್ ಎತ್ತಿಕೊಂಡು ಮೆಟ್ಟಿಲಿಳಿದಳು. ಅವನು ಹಿಂದೆಯೇ ಬಂದ. ಚಕ್ರ ಸರಿಯಾಯ್ತಲ್ಲ, ಇನ್ನೇನು ಅಂತ ಕೇಳಿದಳು.

"ಚಕ್ರದ ಮಾತಲ್ಲ ರೀ" ಅಂದ. "ಇದನ್ನ ಇಟ್ಕೊಂಡು ನಿಮ್ಮನೆ ಬಾಗಿಲಿಗೆ ಬರೋಕೆ ನನಗೆ ಧೈರ್ಯ ಬರಲ್ಲ. ತಾತನಿಗೆ ಕೊಟ್ಟು ಬರೋಣ ಅಂದ್ರೆ, ನಿಮಗಿನ್ನು ಯಾರೂ ಇಲ್ಲ ಅಂತ ಅವರ ಮುಖದ ಮೇಲೇ ಹೇಳಿದ ಹಾಗೆ. ಅವರ ಮನೆಯವ್ರು ತೀರ್ಕೊಂಡಾಗ ಹದಿನೈದು ದಿನ ಅವರ ಜೊತೆ ಕೂತಿದ್ದವನು ನಾನು, ನನ್ನ ಕೈಲಾಗಲ್ಲ." ಒಂದು ಮೆಟ್ಟಿಲು ಇಳಿದು ನಿಂತ. "ಇನ್ನೂ ಒಂದಿದೆ. ಇದು ನನ್ನ ಹತ್ರ ಇದ್ದಷ್ಟು ದಿನ ನಾನು ಯಾರನ್ನೂ ಕೇಳ್ಬೇಕಾಗಿರ್ಲಿಲ್ಲ. ಕೇಳಿ ಒಲ್ಲೆ ಅನ್ನಿಸಿಕೊಳ್ಳೋ ಭಯಾನೂ ಇರ್ಲಿಲ್ಲ."

ಇಷ್ಟು ದಿನ ಕಾದದ್ದು ಇದಕ್ಕಾ ಅನ್ನಿಸಿತು ಅವಳಿಗೆ. ಪ್ರೀತಿ ಇದೆ ಅಂತಲೂ ಗೊತ್ತಾಯಿತು, ಇವನು ಹೀಗೇ ಮೆಟ್ಟಿಲ ಮೇಲೆ ಇನ್ನೂ ಒಂಬತ್ತು ವರ್ಷ ನಿಲ್ಲಬಲ್ಲ ಅಂತಲೂ ಗೊತ್ತಾಯಿತು. ನೋವಿಗೆ ಮಾತು ಮೊಂಡಾಗಿ ಬಂತು.

"ಹಾಗಾದ್ರೆ ನಾನೇ ಇಟ್ಕೋತೀನಿ. ಕಳ್ಕೊಳ್ಳೋಕೆ ಯಾರೂ ಇಲ್ಲದವರು ತಾನೇ ಬೇಕು? ನನಗ್ಯಾರಿದ್ದಾರೆ?"

ಅವನ ಮುಖ ಬಿಳಿಚಿಕೊಂಡಿತು. ಒಳಗೆ ಹೋಗಿ ಡಬ್ಬಿ ತಂದು ಅವಳ ಕೈಗಿಟ್ಟ. ನಾಳೆ ಹತ್ತಕ್ಕೆ ಬರ್ತೀನಿ ಅಂತ ಮಾತ್ರ ಹೇಳಿದ.

ಸೋಮವಾರ ಹತ್ತು ಹೊಡೆಯಿತು. ಅಂಗಡಿಯಲ್ಲಿ ಇಪ್ಪತ್ತು ಗಡಿಯಾರವಿದ್ದರೆ ಇಪ್ಪತ್ತೂ ಹೊಡೆದವು. ಇಂಜಿನ್ನನ್ನು ಗಾಜಿನ ಬೀರುವಿನಲ್ಲಿ, ರಸ್ತೆಗೆ ಕಾಣುವ ಹಾಗೆ ಇಟ್ಟಿದ್ದಳು. ಹತ್ತೂಕಾಲಾಯಿತು. ಹೊರಗೆ ಬಂದು ನೋಡಿದಳು, ಅವನ ಅಂಗಡಿ ಮುಚ್ಚಿತ್ತು. ಫೋನ್ ಮಾಡಿದಳು, ರಿಂಗಾಗಿ ರಿಂಗಾಗಿ ನಿಂತಿತು. ಅವನೆಂದೂ ಐದು ನಿಮಿಷ ತಡಮಾಡಿದವನಲ್ಲ. ಹತ್ತೂವರೆ ಹೊತ್ತಿಗೆ ಅವನು ದಿನಾ ಸೈಕಲ್ಲಿನಲ್ಲಿ ದಾಟುವ ದೊಡ್ಡ ರಸ್ತೆ ನೆನಪಾಯಿತು, ಅಲ್ಲಿ ಓಡಾಡುವ ಲಾರಿಗಳು ನೆನಪಾದವು.

ಆಗ ಅವಳ ಕಣ್ಣು ಆ ಇಂಜಿನ್ನಿನ ಮೇಲೆ ಬಿತ್ತು.

ಅರ್ಧ ಮಿಲಿಮೀಟರ್ ಅಂತ ಅವಳಿಗೆ ಗೊತ್ತು. ತಾನೇ ಅಳೆದದ್ದು, ತಾನೇ ಸರಿಮಾಡಿದ್ದು. ಆದರೂ ನಿನ್ನೆ ಆ ಸ್ಕ್ರೂ ಮುಟ್ಟಬಾರದಿತ್ತು ಅನ್ನಿಸಿತು. ಆ ಮಾತು ಆಡಬಾರದಿತ್ತು ಅನ್ನಿಸಿತು. ಈಗ ಯಾರಾದರೂ ಬಂದು ಸಿಳ್ಳೆ ಹಾಕಬೇಡ, ಬೋಗಿ ಎಣಿಸಬೇಡ ಅಂದಿದ್ದರೆ ಎಲ್ಲಕ್ಕೂ ಹೂಂ ಅನ್ನುತ್ತಿದ್ದಳು. ಬೇಕರಿಯವರನ್ನೂ ಲಾಯರನ್ನೂ ನೆನೆದು ನಿನ್ನೆ ಒಳಗೊಳಗೇ ನಕ್ಕಿದ್ದಳಲ್ಲ, ಅವರೂ ಯಾರೋ ಬರುವುದು ತಡವಾದಾಗ ಹೀಗೇ ಬಾಗಿಲಲ್ಲಿ ನಿಂತಿರಬೇಕು. ಅವಳಿಗೆ ನಾಚಿಕೆಯಾಯಿತು, ಆದರೆ ಭಯ ಅದಕ್ಕಿಂತ ದೊಡ್ಡದಿತ್ತು.

ಹತ್ತು ಐವತ್ತಕ್ಕೆ ಅವನು ರಸ್ತೆಯ ಆ ತುದಿಯಲ್ಲಿ ಕಾಣಿಸಿಕೊಂಡ. ಸೈಕಲ್ ತಳ್ಳಿಕೊಂಡು, ಏನೂ ಆಗದವನ ಹಾಗೆ ಬಂದ. ತಾತನ ಮನೆಗೆ ಹೋಗಿದ್ದನಂತೆ. ಇಂಜಿನ್ ಕೈ ದಾಟಿದ್ದನ್ನ ತಾನೇ ಹೋಗಿ ಹೇಳಬೇಕು ಅನ್ನಿಸಿತಂತೆ, ತಿಂಡಿ ತಿನ್ನದೆ ಏಳೋಕೆ ಅವರು ಬಿಡಲಿಲ್ಲವಂತೆ, ಫೋನು ಮನೆಯಲ್ಲೇ ಚಾರ್ಜಿಗಿತ್ತಂತೆ.

"ಹೇಳಿ ಕಳಿಸೋಕೆ ಏನು ಧಾಡಿ ನಿಮಗೆ?" ಅಂದಳು. ಬಯ್ಯಬೇಕೆಂದು ಶುರುಮಾಡಿದ್ದು, ದನಿ ಅರ್ಧಕ್ಕೇ ಒಡೆಯಿತು. ಅವನು ಗಾಬರಿಯಿಂದ ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಬಂದ.

"ನಿನ್ನೆ ನಾನು ಸುಳ್ಳು ಹೇಳ್ದೆ" ಅಂದಳು. "ಕಳ್ಕೊಳ್ಳೋಕೆ ನನಗೆ ಇದ್ದಾರೆ. ಈ ಐವತ್ತು ನಿಮಿಷ ನನ್ನ ಜೀವ ಕೈಯಲ್ಲಿರ್ಲಿಲ್ಲ."

ಕ್ಲಬ್ಬಿನ ಪದ್ಧತಿ ಪ್ರಕಾರ ಹಾಗಾದ್ರೆ ಇಂಜಿನ್ ನಾನೇ ವಾಪಸ್ ತಗೋಬೇಕಾಗುತ್ತೆ ಅಂತ ಮೆಲ್ಲಗೆ ಅಂದ.

"ನೀವೂ ಇಟ್ಕೊಳ್ಳೋ ಹಾಗಿಲ್ಲ" ಅಂದಳು ಅವಳು.

ಅದು ಅರ್ಥವಾಗಲು ಅವನಿಗೆ ಕೊಂಚ ಹೊತ್ತು ಹಿಡಿಯಿತು. ಅರ್ಥವಾದಾಗ ಕಿವಿಯವರೆಗೂ ಕೆಂಪಾದ. ಕೇಳ್ಬೇಕಿದ್ದ ಮಾತು ಇನ್ನೂ ಬಾಕಿ ಇದೆ ಅಂದ, ಅವಳು ಕೇಳಿ ಅಂದಳು. ಈ ಸಲ ಕೇಳಿಯೇಬಿಟ್ಟ, ನನ್ನ ಮದುವೆ ಆಗ್ತೀರಾ ಅಂತ. ಒಳಗೆ ಪಾತ್ರೆ ಸದ್ದು ಮಾಡುತ್ತಿದ್ದ ಚಿಕ್ಕಮ್ಮ ಕೈ ನಿಲ್ಲಿಸಿದರು. ಅವಳು ಹೂಂ ಅಂದಳು.

"ಮತ್ತೆ ಇದು?" ಅಂತ ಅವನು ಇಂಜಿನ್ ಕಡೆ ನೋಡಿದ.

"ಇಲ್ಲೇ ಇರ್ಲಿ. ಭಯ ಆದಾಗ ಇಬ್ರೂ ಸೇರಿ ಪಡೋಣ."

ಅವನು ಅವಳ ಕೈ ಹಿಡಿದುಕೊಂಡ, ಗಡಿಯಾರಗಳೆಲ್ಲ ಹನ್ನೊಂದು ಹೊಡೆದ ಮೇಲೂ ಬಿಡಲಿಲ್ಲ.