ಅರವತ್ತೆರಡು ಸಾವಿರ ಬಿಳಿಕಣದ ಹುಡುಗ

"ಕೂತ್ಕೊಳ್ಳಿ" ಎಂದಳು ಉಷಾರಾಣಿ.

"ಬೇಡ, ನಿಂತೇ ಕೊಡ್ತೇನೆ" ಎಂದ ಆತ.

ಸುಂಟಿಕೊಪ್ಪದ ಆ ಪುಟ್ಟ ಲ್ಯಾಬಿನಲ್ಲಿ ನಾಲ್ಕು ವರ್ಷದಿಂದ ರಕ್ತ ತೆಗೆಯುತ್ತಿದ್ದ ಉಷಾಳಿಗೆ ಇಂಥ ಉತ್ತರ ಇದೇ ಮೊದಲು. ಸೂಜಿ ಕಂಡರೆ ಆರಡಿ ಆಳುಗಳೂ ದಬ್ಬೆಂದು ಬೀಳುವುದನ್ನು ಕಣ್ಣಾರೆ ಕಂಡವಳು ಅವಳು. ಒಬ್ಬನನ್ನಂತೂ ಹಿಡಿಯಲು ಹೋಗಿ ತಾನೂ ಅವನಡಿ ಸಿಕ್ಕಿಕೊಂಡಿದ್ದಳು. ಈ ಮನುಷ್ಯ ನೋಡಿದರೆ ಜ್ವರದಲ್ಲಿ ಸುಡುತ್ತಿದ್ದಾನೆ, ಕುರ್ಚಿ ಎದುರಿಗೇ ಇದೆ, ಆದರೂ ಗೋಡೆ ಹಿಡಿದು ನಿಂತಿದ್ದಾನೆ!

ಹಟಮಾರಿ... ಎಂದುಕೊಂಡಳು. ಕಣ್ಣು ಮಾತ್ರ ಚೆನ್ನಾಗಿದೆ ಎಂದೂ ಅಂದುಕೊಂಡಳು. ಎರಡನೆಯದನ್ನು ಅವಳು ಯಾರಿಗೂ ಹೇಳಲಿಲ್ಲ, ನಾನೇ ಹೇಳುತ್ತಿದ್ದೇನೆ.

ಹೆಸರು ತೀರ್ಥಪ್ರಸಾದ್. ವಯಸ್ಸು ಇಪ್ಪತ್ತೊಂಬತ್ತು. ಕುಶಾಲನಗರದ ರಸ್ತೆಗೆ ತಾಗಿ ಆರು ಎಕರೆ ಕಾಫಿ ತೋಟ, ನೆರಳು ಮರಗಳಿಗೆ ಹಬ್ಬಿದ ಮೆಣಸು, ಮನೆಯಲ್ಲಿ ತಾಯಿ ಬೊಳ್ಳಮ್ಮ. ಮದುವೆ ಆಗಿಲ್ಲ. ಇದನ್ನು ಅವಳು ಕೇಳಿರಲಿಲ್ಲ, ಅವನೇ ಹೇಳಿದ. ರಕ್ತಪರೀಕ್ಷೆಗೆ ಅದೇಕೆ ಬೇಕಾಯಿತೋ!

ಅರ್ಧ ಗಂಟೆಯ ಮೇಲೆ ಯಂತ್ರ ತೋರಿಸಿದ ಅಂಕಿ ನೋಡಿ ಉಷಾಳ ನಗು ಇಂಗಿಹೋಯಿತು.

ಬಿಳಿ ರಕ್ತಕಣ ನಾಲ್ಕರಿಂದ ಹನ್ನೊಂದು ಸಾವಿರ ಇರಬೇಕು. ಇವನದು ಮೂವತ್ತೆಂಟು ಸಾವಿರ. ಯಂತ್ರಕ್ಕೇ ತಲೆ ಕೆಟ್ಟಿರಬೇಕೆಂದು ಇನ್ನೊಮ್ಮೆ ಹಾಕಿದಳು. ಅಷ್ಟೇ ಬಂತು. ಗಾಜಿನ ಮೇಲೆ ಒಂದು ಹನಿ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಎಲ್ಲೆಲ್ಲೂ ಬಿಳಿಕಣಗಳೇ, ನಡುನಡುವೆ ಇನ್ನೂ ಬಲಿಯದ ಎಳೆಯ ಕಣಗಳು ಕೂಡ.

ಪಕ್ಕದ ಕೋಣೆಯ ಡಾಕ್ಟರ್ ಮಹದೇವಪ್ಪ ಕನ್ನಡಕ ಏರಿಸಿ ರಿಪೋರ್ಟ್ ಓದಿದರು. ಇಷ್ಟು ಏರಲು ಕಾರಣ ಹಲವು ಇರಬಹುದು, ಆದರೆ ತನಗೆ ಚಿಂತೆ ಎರಡರದ್ದು ಎಂದರು. ಮೈಯಲ್ಲಿ ಎಲ್ಲೋ ದೊಡ್ಡ ಸೋಂಕು ಅಡಗಿದ್ದರೆ ಅದರ ಜೊತೆ ಹೋರಾಡಲು ಮೂಳೆಯೊಳಗೆ ರಕ್ತ ಹುಟ್ಟಿಸುವ ಮಜ್ಜೆ ಎಳೆಯ ಕಣಗಳನ್ನೂ ಹೊರಗೆ ಅಟ್ಟುತ್ತದಂತೆ. ಸೋಂಕು ಎಲ್ಲೂ ಇಲ್ಲವೆಂದಾದರೆ ಮಜ್ಜೆಯೇ ಕೆಟ್ಟಿರಬಹುದು. ಅಂದರೆ ರಕ್ತದ ಕ್ಯಾನ್ಸರ್.

ಉಷಾ ರಿಪೋರ್ಟನ್ನು ಮತ್ತೆ ಕೈಗೆತ್ತಿಕೊಂಡು ಅಂಕಿಯನ್ನು ಇನ್ನೊಮ್ಮೆ ಓದಿದಳು. ನಿನ್ನೆ ಮೊನ್ನೆಯವರೆಗೆ ಮುಖಪರಿಚಯವೂ ಇಲ್ಲದವನಿಗಾಗಿ ನನಗ್ಯಾಕೆ ಇಷ್ಟು ಚಿಂತೆ...?

ಡಾಕ್ಟರು ಗಂಟಲು ನೋಡಿದರು, ಎದೆಯ ಎಕ್ಸ್‌ರೇ ತೆಗೆಸಿದರು, ಹೊಟ್ಟೆ ಸ್ಕ್ಯಾನ್ ಮಾಡಿಸಿದರು. ಎಲ್ಲ ಸರಿಯಾಗಿತ್ತು. ನಾಟಿ ಔಷಧಿ ಏನಾದರೂ ನುಂಗಿದ್ದೀಯಾ ಎಂದು ಕೇಳಿದರು. ಇಲ್ಲ. ಮೈಮೇಲೆ ಎಲ್ಲಾದರೂ ಗಾಯ, ಕುರು, ನೋವು?

ತೀರ್ಥಪ್ರಸಾದ್ ಬಾಯಿ ತೆರೆದ. ಬಾಗಿಲಲ್ಲಿ ಫೈಲು ಹಿಡಿದು ನಿಂತ ಉಷಾಳನ್ನು ನೋಡಿದ. ಬಾಯಿ ಮುಚ್ಚಿಕೊಂಡ.

"ಎಂತದೂ ಇಲ್ಲ ಡಾಕ್ಟ್ರೇ" ಎಂದ, ನಿಂತುಕೊಂಡೇ.

ನೀವು ಈಗಾಗಲೇ ಊಹಿಸಿರಬಹುದು. ಸ್ವಲ್ಪ ಸುಮ್ಮನಿರಿ, ಉಷಾಳಿಗೆ ಇನ್ನೂ ಗೊತ್ತಿಲ್ಲ.

ಜ್ವರದ ಮಾತ್ರೆ ಕೊಟ್ಟು, ಮೂರು ದಿನ ಬಿಟ್ಟು ಬರಲು ಹೇಳಿ ಕಳಿಸಿದರು. ಆ ಮೂರು ದಿನವೂ ಉಷಾ ಸಂಜೆ ಫೋನ್ ಮಾಡಿ ಜ್ವರ ಎಷ್ಟೆಂದು ಕೇಳಿದಳು. ಲ್ಯಾಬಿನ ಪದ್ಧತಿ ಅಂತ ಸುಳ್ಳೂ ಹೇಳಿದಳು. ಜ್ವರದ ಮಾತು ಒಂದು ನಿಮಿಷಕ್ಕೆ ಮುಗಿಯುತ್ತಿತ್ತು. ಆಮೇಲೆ ಕಾಫಿ ಗಿಡ ಅರಳಿಸುವ ಹೂಮಳೆ ಯಾವಾಗ ಬಂದೀತು, ಬೊಳ್ಳಮ್ಮನ ಕೋಳಿ ಎಲ್ಲಿ ಮೊಟ್ಟೆ ಇಡುತ್ತದೆ ಎಂದೆಲ್ಲ ನಲವತ್ತು ನಿಮಿಷ ನಡೆಯುತ್ತಿತ್ತು. ಮನೆಯಲ್ಲಿ ಅಪ್ಪ ಸಣ್ಣಸ್ವಾಮಿ, ಲ್ಯಾಬಿಗೆ ಕೋಳಿ ವಿಷಯ ಯಾಕೆ ಎಂದು ಕೇಳಿದರೆ ಉತ್ತರ ಕೊಡದೆ ಒಳಗೆ ಹೋದಳು.

ನಾಲ್ಕನೇ ದಿನ ಅಂಕಿ ಇಳಿದಿರಲಿಲ್ಲ. ಅರವತ್ತೆರಡು ಸಾವಿರ!

ಮೈಸೂರಿಗೆ ಹೋಗಿ ಮಜ್ಜೆಯ ಪರೀಕ್ಷೆ ಮಾಡಿಸಬೇಕು ಎಂದು ಡಾಕ್ಟರು ಚೀಟಿ ಬರೆದರು. ಮಜ್ಜೆಯನ್ನು ಎಲ್ಲಿಂದ ತೆಗೆಯುತ್ತಾರೆ ಎಂದು ತೀರ್ಥಪ್ರಸಾದ್ ಕೇಳಿದ. ಸೊಂಟದ ಮೂಳೆಯ ಹಿಂಭಾಗದಿಂದ ಎಂದಾಗ ಅವನ ಮುಖ ಬಿಳಿಚಿಕೊಂಡಿತು.

ಆ ಸಂಜೆ ಅವನು ಮೊಬೈಲಿನಲ್ಲಿ ಬಿಳಿಕಣ ಎಂದು ಹುಡುಕಿ, ಕಂಡದ್ದನ್ನೆಲ್ಲ ಓದಿ, ಆರು ತಿಂಗಳಲ್ಲಿ ಸಾಯುತ್ತೇನೆಂದು ತಾನೇ ತೀರ್ಮಾನಿಸಿಬಿಟ್ಟ. ತನ್ನ ಹೊಸ ಗಂಬೂಟನ್ನು ಪಕ್ಕದ ಮನೆಯ ಧರ್ಮೇಂದ್ರನಿಗೆ ಕೊಟ್ಟ. ಉಷಾಳ ಫೋನ್ ಬಂದಾಗ ಗಂಭೀರವಾಗಿ ಹೇಳಿದ, "ಇನ್ನು ಫೋನ್ ಮಾಡ್ಬೇಡಿ."

ಫೋನ್ ಕಟ್ ಆಯಿತು. ಕಾರಣವನ್ನೂ ಹೇಳಲಿಲ್ಲ! ನಾನು ಅವನಿಗೆ ಬರೀ ರಿಪೋರ್ಟ್ ಕೊಡುವವಳು, ಅಷ್ಟೇ... ಎಂದುಕೊಂಡು ಉಷಾ ತಲೆದಿಂಬು ಒದ್ದೆ ಮಾಡಿದಳು. ಅವನೂ ಆಚೆ ಕವುಚಿ ಮಲಗಿ ಅಳುತ್ತಿದ್ದ. ಎಂಥ ಜೋಡಿ ನೋಡಿ.

ಮರುದಿನ ಬೆಳಿಗ್ಗೆ ಸಿಟ್ಟಿದ್ದರೂ ಅವಳು ರಕ್ತದ ಸ್ಲೈಡು, ರಿಪೋರ್ಟು ಹಿಡಿದು ಬಸ್ ಸ್ಟ್ಯಾಂಡಿಗೆ ಬಂದಳು. ಮೈಸೂರಿನಲ್ಲಿ ಅವು ಬೇಕಾಗುತ್ತವೆ ಎಂಬುದು ನೆಪ. ಒಮ್ಮೆ ಅವನನ್ನು ನೋಡಬೇಕಿತ್ತು.

ಹತ್ತಿ ನೋಡಿದರೆ ಬಸ್ಸು ಅರ್ಧ ಖಾಲಿ. ಬೊಳ್ಳಮ್ಮ ಕಿಟಕಿ ಪಕ್ಕ ಕೂತಿದ್ದರು. ಮಗ ಮಾತ್ರ ಕಂಬ ಹಿಡಿದು ನಿಂತಿದ್ದ. ಕಂಡಕ್ಟರ್ ರಾಜು ಎರಡು ಸಲ ಕೂರಲು ಹೇಳಿ ಸೋತು, ಮೈಸೂರಿನ ತನಕ ಹೀಗೇ ನಿಲ್ಲುವ ಹರಕೆಯೇನು ಎಂದು ಗೊಣಗುತ್ತಿದ್ದ.

ಉಷಾ ಬೊಳ್ಳಮ್ಮನ ಕೈಗೆ ಲಕೋಟೆ ಕೊಟ್ಟಳು. ಆ ತಾಯಿ ಸೆರಗಲ್ಲಿ ಕಣ್ಣೊರೆಸಿಕೊಂಡರು.

"ಹದಿನೈದು ದಿನ ಆತ್ ಮಗಾ. ನಿಂತೇ ಉಂಬದು, ಕವುಚಿ ಮಲ್ಗುದು. ಕೇಳ್ದರೆ ಎಂತ ಇಲ್ಲೆ, ಎಂತ ಇಲ್ಲೆ... ಇಷ್ಟೇ ಮಾತು."

ಉಷಾಳಿಗೆ ತಲೆಯಲ್ಲಿ ಏನೋ ಥಟ್ಟನೆ ಹೊಳೆಯಿತು. ಲ್ಯಾಬಿನಲ್ಲಿ ಎರಡು ಸಲವೂ ನಿಂತಿದ್ದ. ಡಾಕ್ಟರ ಮುಂದೆಯೂ ನಿಂತಿದ್ದ. ಅಯ್ಯೋ ದೇವರೇ!

ಅವಳು ನೇರ ಅವನ ಮುಂದೆ ಹೋಗಿ ನಿಂತಳು.

"ಎಲ್ಲಿ ನೋವು?"

"ಎಲ್ಲೂ ಇಲ್ಲ."

"ಹಾಗಾದ್ರೆ ಕೂತ್ಕೊಳ್ಳಿ. ನಾನು ನೋಡ್ಬೇಕು."

ಇಡೀ ಬಸ್ಸು ತಿರುಗಿ ನೋಡಿತು. ತೀರ್ಥಪ್ರಸಾದನ ಕಿವಿಗಳು ಕೆಂಪಾದವು.

"ಕೆಳಗಿಳಿದ ಮೇಲೆ ಹೇಳ್ತೇನೆ" ಎಂದ, ಮೆಲ್ಲಗೆ.

ರಾಜು ತಕ್ಷಣ ಸೀಟಿ ಊದಿ ಹೊರಡಲಿದ್ದ ಬಸ್ಸು ತಡೆದ. ಇಷ್ಟರಲ್ಲಿ ವಿಷಯ ಅವನಿಗೂ, ಹಿಂದಿನ ಸೀಟಿನವರಿಗೂ ಅರ್ಥವಾಗಿತ್ತು.

ಡಾಕ್ಟರ್ ಮಹದೇವಪ್ಪ ಪರದೆ ಎಳೆದು ಪರೀಕ್ಷಿಸಿದ ಮೇಲೆ ಐದು ನಿಮಿಷ ಬರೀ ಬೈದರು. ಕೂರುವ ಜಾಗದಲ್ಲಿ ಕಿತ್ತಳೆಯಷ್ಟು ದೊಡ್ಡ ಕೀವುಗಡ್ಡೆ! ಕೊಯ್ದು ಕೀವು ತೆಗೆದಾಗ ಒಳಗಿಂದ ಮುರಿದ ಮುಳ್ಳೂ ಬಂತು. ಇನ್ನು ಸ್ವಲ್ಪ ದಿನ ಮುಚ್ಚಿಟ್ಟಿದ್ದರೆ ನಂಜು ಮೈಗೆಲ್ಲ ಏರಿ ಜೀವಕ್ಕೇ ಸಂಚಕಾರವಾಗುತ್ತಿತ್ತು ಎಂದರು. ಹಾಗಂತ ಮೈಸೂರಿನ ಚೀಟಿಯನ್ನು ಹರಿಯಲಿಲ್ಲ. ಅಂಕಿ ಪೂರ್ತಿ ಇಳಿದು, ಎಳೆಯ ಕಣಗಳು ಕಾಣದಂತಾದ ಮೇಲೆಯೇ ನಿಶ್ಚಿಂತೆ ಎಂದರು.

ಉಷಾ ಎಣಿಸಿದಳು. ಮೂರನೇ ದಿನ ಮೂವತ್ತು ಸಾವಿರ. ವಾರಕ್ಕೆ ಹದಿನಾಲ್ಕು. ಪ್ರತಿ ಸಲವೂ ಯಂತ್ರದ ಮುಂದೆ ಕೈಮುಗಿದು ನಿಲ್ಲುತ್ತಿದ್ದಳು. ಹದಿನೈದನೇ ದಿನ ಎಂಟು ಸಾವಿರದ ಒಂಬೈನೂರು ಎಂದು ಬಂದಾಗ ಬಚ್ಚಲಿಗೆ ಹೋಗಿ ಚೆನ್ನಾಗಿ ಅತ್ತು, ಮುಖ ತೊಳೆದು, ಹೊರಗೆ ಬಂದು ಅವನ ಮೇಲೆ ಹರಿಹಾಯ್ದಳು.

"ಯಾಕೆ ಮುಚ್ಚಿಟ್ರಿ?"

"ನೀವು ಬಾಗಿಲಲ್ಲಿ ಇದ್ರಲ್ಲ... ನಾಚಿಕೆ ಆಯ್ತು."

"ದಿನಾ ಡಬ್ಬಿಯಲ್ಲಿ ಊರವರ ಮಲ ಪರೀಕ್ಷೆ ಮಾಡೋಳು ನಾನು. ನನ್ನ ಮುಂದೆ ನಾಚಿಕೆನಾ? ಅದೂ ಜೀವ ಹೋಗೋ ಹೊತ್ತಲ್ಲಿ?"

ಅವನು ತಲೆ ತಗ್ಗಿಸಿದ.

"ಸಾಯೋದೇ ಆದ್ರೆ ನಿಮ್ಮನ್ನ ಯಾಕೆ ಅಳಿಸೋದು ಅಂತ ಫೋನ್ ಬೇಡ ಅಂದೆ. ಆಮೇಲೆ ಇಡೀ ರಾತ್ರಿ ಫೋನ್ ನೋಡ್ತಾ ಇದ್ದೆ."

ಅಂದರೆ... ಅವನಿಗೂ! ಉಷಾಳ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆದರೂ ಬಿಟ್ಟುಕೊಡದೆ, ಆ ಮುಳ್ಳಿನ ಮೇಲೆ ಹೇಗೆ ಬಿದ್ದದ್ದು ಎಂದು ಕೇಳಿದಳು.

ಏಣಿ ಹತ್ತಿ ಮೆಣಸು ಕೊಯ್ಯುತ್ತಿದ್ದನಂತೆ. ಕೆಳಗೆ ಸವರಿ ಹಾಕಿದ ಕಿತ್ತಳೆ ಕೊಂಬೆಯ ರಾಶಿ ಇತ್ತಂತೆ. ಅಷ್ಟು ಹೇಳಿ ನಿಲ್ಲಿಸಿದ.

"ಏಣಿ ಜಾರಿತಾ?"

"ಇಲ್ಲ. ನೀವು ದಿನಾ ಲ್ಯಾಬಿಗೆ ಹೋಗೋ ಎಂಟೂ ಇಪ್ಪತ್ತರ ಬಸ್ ಬಂತು. ಕಿಟಕಿಯಲ್ಲಿ ನೀವಿದ್ರಿ. ನಾನು ಸ್ವಲ್ಪ ಜಾಸ್ತಿ ತಿರುಗಿದೆ."

ಉಷಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು.

"ಎಷ್ಟು ದಿನದಿಂದ ಹೀಗೆ ನೋಡ್ತಾ ಇದ್ದೀರಿ?"

"ಒಂದು ವರ್ಷ ಆಯ್ತು."

"ಹೆಣ್ಣು ನೋಡೋರು ಏಣಿ ಮೇಲಿಂದ ನೋಡ್ತಾರಾ? ಭಾನುವಾರ ನಿಮ್ಮ ಅವ್ವನ್ನ ಕರ್ಕೊಂಡು ನಮ್ಮನೆಗೆ ಬನ್ನಿ."

ಅವನು ಅಲ್ಲಿದ್ದ ಕುರ್ಚಿಯಲ್ಲಿ ಕೂತೇಬಿಟ್ಟ.

"ನಿಮ್ಮ ಅಪ್ಪ ಹುಡುಗಿ ಇಷ್ಟ ಆದಳಾ ಅಂತ ಕೇಳಿದ್ರೆ ಎಂತ ಹೇಳೋದು?"

"ಇನ್ನೂ ಸಂಶಯ ಉಂಟಾ ನಿಮಗೆ?"

"ನಂಗಿಲ್ಲ. ಹುಡುಗ ಇಷ್ಟನಾ ಅಂತ ನಿಮ್ಮನ್ನ ಕೇಳಿದ್ರೆ?"

ಅವಳು ಅವನ ಕೈ ಹಿಡಿದುಕೊಂಡಳು. ಈ ಸಲ ಸೂಜಿ ಇರಲಿಲ್ಲ.

"ಕೇಳ್ಲಿ. ನಾನು ಎಂತದೂ ಮುಚ್ಚಿಡೋಲ್ಲ."