ಹನ್ನೊಂದು ಜನ ಮಹದೇವಸ್ವಾಮಿ

ಒಬ್ಬನೇ ಮಹದೇವಸ್ವಾಮಿ ಒಂದೇ ವಾರದಲ್ಲಿ ಇಪ್ಪತ್ತೆರಡು ರೇಷ್ಮೆ ಸೀರೆ ನೇಯ್ದಿದ್ದಾನೆ ಎಂದು ಕಂಪ್ಯೂಟರ್ ತೋರಿಸಿದ ದಿನ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆಗದೆ ಏನು? ಆ ಯಂತ್ರ ನನ್ನ ಕುರ್ಚಿಗೇ ಸಂಚಕಾರ ತಂದಿತ್ತು. ಕೊಳ್ಳೇಗಾಲದ ಮುತ್ತಯ್ಯನವರ ಸೀರೆ ಅಂಗಡಿಯಲ್ಲಿ ಎಂಟು ವರ್ಷದಿಂದ ನೇಕಾರರ ರಿಜಿಸ್ಟರ್ ಬರೆಯುತ್ತಿದ್ದವಳು ನಾನು, ಜ್ಯೋತಿಲಕ್ಷ್ಮಿ. ಯಾವ ಮಗ್ಗಕ್ಕೆ ಯಾವ ಬಣ್ಣದ ನೂಲು ಹೋಯಿತು, ಯಾರ ಸೀರೆ ಎಂದು ಬಂತು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಎರಡು ಸಾವಿರದ ಒಂದರ ಯುಗಾದಿ ಕಳೆದ ಮೇಲೆ ಯಳಂದೂರಿನ ಶಾಂತರಾಜು ಮೂರು ಫ್ಲಾಪಿ ಹಿಡಿದು ಬಂದರು. ಅಂಗಡಿಯ ಹೊಸ ಕಂಪ್ಯೂಟರಿಗೆ ಅವರೇ ಬರೆದ, ನೇಕಾರರ ಲೆಕ್ಕ ಇಡುವ ಸಾಫ್ಟ್‌ವೇರ್. ಮೈಸೂರಿನವರು ಮೂವತ್ತು ಸಾವಿರ ಹೇಳಿದ್ದಕ್ಕೆ ಇವರು ನಾಲ್ಕು ಸಾವಿರ ಹೇಳಿದರು.

"ಒಂದು ತಿಂಗ್ಳು ನೋಡಾಣ" ಎಂದರು ಮುತ್ತಯ್ಯ. "ಸರಿಯಾಗಿ ನಡುದ್ರೆ ರಿಜಿಸ್ಟರ್ ಕೆಲ್ಸ ಇರಕಿಲ್ಲ. ನೀನು ಕೌಂಟರ್‌ನಲ್ಲಿ ಸೀರೆ ಮಡಿಚ್ಕಂಡಿರು ಮಗಾ."

ಸೀರೆ ಮಡಿಚಲು ನಾನು ಬಿ.ಕಾಂ. ಓದಿದ್ದೆನೇ?

ಶಾಂತರಾಜು ನನ್ನ ರಿಜಿಸ್ಟರ್ ನೋಡಿಕೊಂಡು ಹೆಸರುಗಳನ್ನು ಟೈಪ್ ಮಾಡಿದರು. ನಮ್ಮ ಕಡೆ ಬೆಟ್ಟದ ದೇವರು ಮಾದಪ್ಪನ ಒಕ್ಕಲಿನ ಮನೆಮನೆಗೂ ಅವನ ಹೆಸರಿನ ಒಬ್ಬ ಮಹದೇವಸ್ವಾಮಿ. ನಮ್ಮ ನೇಕಾರರಲ್ಲೇ ಹನ್ನೊಂದು ಜನ. ಗುರುತಿಗೆಂದು ಒಬ್ಬೊಬ್ಬರ ಹೆಸರಿನ ಪಕ್ಕ ನಾನು ಒಂದೊಂದು ಸಣ್ಣ ಗುರುತು ಹಾಕುತ್ತಿದ್ದೆ. ಒಬ್ಬನಿಗೆ ಚುಕ್ಕಿ, ಒಬ್ಬನಿಗೆ ಸೊನ್ನೆ, ಒಬ್ಬನಿಗೆ ಅಡ್ಡಗೀಟು. ಶಾಂತರಾಜು ಅದನ್ನೆಲ್ಲ ಪೆನ್ನಿನ ಕಲೆ ಅಂದುಕೊಂಡು ಹನ್ನೊಂದು ಜನರನ್ನೂ ಒಬ್ಬನೇ ಮಾಡಿಬಿಟ್ಟರು. ಪಕ್ಕದಲ್ಲೇ ಕೂತು ನೋಡುತ್ತಿದ್ದ ನಾನು ತುಟಿ ಪಿಟಕ್ಕೆನ್ನಲಿಲ್ಲ.

ಆ ಇಪ್ಪತ್ತೆರಡು ಸೀರೆಯ ಲೆಕ್ಕ ಕಂಡು ಮುತ್ತಯ್ಯ ಕೆಂಡಾಮಂಡಲವಾದರು. "ವಾರಕ್ಕೆ ಎರಡು ನೇಯೋದೇ ಎಚ್ಚು! ಸೋಮವಾರದೊಳಗೆ ಸರಿ ಮಾಡು, ಇಲ್ದಿದ್ರೆ ನಿನ್ ಫ್ಲಾಪಿ ತಕಂಡು ಓಗ್ತಾ ಇರು."

"ತಪ್ಪು ನಂದೇ ಸಾ" ಎಂದರು ಶಾಂತರಾಜು. ನಮ್ಮ ಅಂಗಡಿಯೇ ಅವರ ಮೊದಲನೇ ಗಿರಾಕಿ ಎಂದು ಆಮೇಲೆ ಗೊತ್ತಾಯಿತು.

ಮುತ್ತಯ್ಯ ಊಟಕ್ಕೆ ಹೋದರು. ಶಾಂತರಾಜು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡು ಮತ್ತೆ ಮೊದಲನೇ ಪುಟದಿಂದ ರಿಜಿಸ್ಟರ್ ಓದತೊಡಗಿದರು. ಕಿವಿ ಕೆಂಪಾಗಿತ್ತು.

"ಇಷ್ಟು ಚೆಂದಾಗಿ ಬರ್ದಿದ್ದೀರಿ ಮೇಡಂ. ನಂಗೇ ಸರಿಯಾಗಿ ಓದಾಕ್ ಬರ್ಲಿಲ್ಲ."

ಬೈದಿದ್ದರೆ ಸುಮ್ಮನಿರುತ್ತಿದ್ದೆ. ಹೀಗೆ ಹೇಳಿದರೆ ಏನು ಮಾಡುವುದು? ರಿಜಿಸ್ಟರನ್ನು ನನ್ನ ಕಡೆಗೆ ಎಳೆದುಕೊಂಡೆ.

"ಚುಕ್ಕಿ ಇರೋನು ಮಧುವನಹಳ್ಳಿ ಮಾದೇವಸ್ವಾಮಿ. ಸೊನ್ನೆ ಇರೋನು ಬಂಡಳ್ಳಿಯೋನು. ಗೀಟಿನೋನು ಬೇರೆ. ಒಟ್ಟು ಅನ್ನೊಂದು ಜನ ಅವ್ರೆ."

ಅವರು ನನ್ನನ್ನೇ ನೋಡಿದರು. "ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು. ನಿಮ್ಗೆ ಏಳ್ಬುಟ್ಟಿದ್ರೆ ನನ್ ಕುರ್ಚಿ ಓಗ್ತಿತ್ತು. ಈಗ್ಲೂ ಓಯ್ತದೆ. ಆದ್ರೆ ನಿಮ್ ಮುಖ ನೋಡಾಕಾಗ್ಲಿಲ್ಲ ಕಣ್ರಿ."

ಸಿಟ್ಟು ಮಾಡಿಕೊಳ್ಳುತ್ತಾರೆ ಅಂದುಕೊಂಡೆ. ಅವರು ನಕ್ಕುಬಿಟ್ಟರು. "ನಮ್ಮನೇಲೇ ಇಬ್ರು ಮಾದೇವಸ್ವಾಮಿ ಅವ್ರೆ. ಆದ್ರೂ ನಂಗೆ ಒಳೀಲಿಲ್ಲ ನೋಡಿ!"

ನಾಲ್ಕು ದಿನ ಪಕ್ಕಪಕ್ಕ ಕೂತು ಒಬ್ಬೊಬ್ಬ ನೇಕಾರನಿಗೂ ಒಂದೊಂದು ನಂಬರ್ ಕೊಟ್ಟೆವು. ನಾನು ಹೇಳುವುದು, ಅವರು ಬರೆಯುವುದು. ಅವರ ಬೆರಳು ಕೀಬೋರ್ಡಿನ ಮೇಲೆ ಇರುತ್ತಿತ್ತು, ಕಣ್ಣು ಮಾತ್ರ ನನ್ನ ಮೇಲೆ.

"ಸ್ಕ್ರೀನ್ ಆ ಕಡೆ ಅದೆ" ಎಂದೆ ಒಮ್ಮೆ.

"ಮಾಹಿತಿ ಈ ಕಡೆಯಿಂದ ಬತ್ತಾ ಅದಲ್ಲ?" ಎಂದರು. ನಾನು ನಗು ತಡೆಯಲು ಬಳೆ ಸರಿಮಾಡಿಕೊಂಡೆ. ಸಂಜೆ ಅವರು ಎದ್ದು ಹೊರಟರೆ ಅಂಗಡಿಯೇ ಭಣಭಣ ಎನ್ನುತ್ತಿತ್ತು. ಕುರ್ಚಿ ಹೋಗುವ ಚಿಂತೆಗಿಂತ ಸೋಮವಾರ ಬರುವ ಚಿಂತೆಯೇ ಹೆಚ್ಚಾಯಿತು.

ಸೋಮವಾರ ಬಂದೇ ಬಂತು. ಒಬ್ಬೊಬ್ಬರ ಸೀರೆಯೂ ಅವರವರ ಹೆಸರಿನಲ್ಲಿ ಸರಿಯಾಗಿ ಬಂತು. ಮುತ್ತಯ್ಯ ಹಿಗ್ಗಿಹೋದರು. "ಭೇಷ್! ಮಗಾ, ನಾಳೆಯಿಂದ ನೀನು ಕೌಂಟರ್‌ಗೆ ಬಾ."

ನಾನು ರಿಜಿಸ್ಟರ್ ಮುಚ್ಚಿ ಎದ್ದೆ.

"ಆಗಾಕಿಲ್ಲ ಸಾ" ಎಂದರು ಶಾಂತರಾಜು. "ಇವರು ಏಳ್ಕೊಟ್ಟಿದ್ದಕ್ಕೆ ಸರಿಯಾಯ್ತು. ನಾಳೆ ಅನ್ನೆರಡನೇ ಮಾದೇವಸ್ವಾಮಿ ಬಂದ್ರೆ ಯಾರನ್ನ ಕೇಳ್ತೀರಿ? ಕಂಪ್ಯೂಟರ್ ಮುಂದೆ ಇವರೇ ಕೂತ್ಕೋಬೇಕು. ಇಲ್ದಿದ್ರೆ ವಾಪಸ್ ತಕಂಡೋಯ್ತೀನಿ, ನಿಮ್ ದುಡ್ಡೂ ಬ್ಯಾಡ."

ಮುತ್ತಯ್ಯ ಶಾಂತರಾಜು ಮುಖ ನೋಡಿದರು, ನನ್ನ ಮುಖ ನೋಡಿದರು. ಮೀಸೆಯೊಳಗೇ ನಕ್ಕರು. "ಆಯ್ತು ಬುಡಪ್ಪಾ, ಅವಳೇ ಕೂತ್ಕಳ್ಳಿ" ಎಂದು ನಾಲ್ಕು ಸಾವಿರ ಎಣಿಸಿ ಕೊಟ್ಟರು.

ಬಸ್‌ಸ್ಟ್ಯಾಂಡ್‌ವರೆಗೆ ನಾನೂ ಹೋದೆ.

"ಇನ್ಯಾವಾಗ ಬತ್ತೀರಿ?"

"ಸಾಫ್ಟ್‌ವೇರ್ ಕೆಟ್ರೆ ಫೋನ್ ಮಾಡಿ."

"ಕೆಡದಿದ್ರೆ?"

ಅವರು ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಭಾನುವಾರ ಅವ್ವನ್ನ ಕರ್ಕೊಂಡು ನಿಮ್ಮನೆಗೆ ಬತ್ತೀನಿ. ಎಣ್ಣು ಕೇಳಾಕೆ. ಮೊದ್ಲು ನಿಮ್ಮನ್ನ ಕೇಳ್ತಾ ಇವ್ನಿ. ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಇಷ್ಟ."

ನನ್ನ ಬಾಯಿ ಸುಮ್ಮನಿರಬೇಕಲ್ಲ!

"ನಂಗೂ ಇಷ್ಟವೇ. ಆದ್ರೆ ಮದ್ವೆ ಆದ್ರೂ ಆ ಕುರ್ಚಿ ಬುಡಾಕಿಲ್ಲ."

"ಬುಡಿ ಅಂದೋರ್ ಯಾರು? ಯಳಂದೂರಿಂದ ದಿನಾ ಬಸ್ಸದೆ. ನಾನೇ ಅತ್ತುಸ್ತೀನಿ."

ಅಷ್ಟರಲ್ಲಿ ಯಳಂದೂರಿನ ಬಸ್ಸು ಬಂದು ನಿಂತಿತು, ಕಂಡಕ್ಟರ್ ಕೂಗಿದ, ಜನ ಹತ್ತಿದರು. ಶಾಂತರಾಜು ಹತ್ತಲಿಲ್ಲ.

"ಇನ್ನೊಂದು ಬತ್ತದೆ ಬುಡಿ" ಎಂದರು.