ದೇವರ ಮನೆ ವಾಸನೆಯ ಟೀ

“ಇದು ಚಿಕ್ಕ ಮಕ್ಕಳ ಅಕ್ಷರ ಕಣಮ್ಮ. ಹಿಂಗಿದ್ರೆ ಪಾಸಾಗಲ್ಲ.”

ಕಂಪನಿಯ ಏಜೆಂಟ್ ನಿಂಗರಾಜು ಫಾರಂಗಳನ್ನು ಹಾಗೇ ಹಿಂದೆ ಮುಂದೆ ತಿರುವಿ ಹಾಕಿದ. ಕುಮಾರಿಯ ಕಿವಿ ಬಿಸಿಯಾಯಿತು. ಆ ಅಕ್ಷರ ಅವಳದೇ.

“ಮೂರ್ ತಿಂಗ್ಳುದೂ ಪಾಸಾಗ್ನಿಲ್ವಾ?” ಅಂದಳು ಅವ್ವ ಯಶೋದಮ್ಮ.

“ಒಂದೂ ಆಗಿಲ್ಲ. ಪಾಸಾಗದ್ದಕ್ಕೆ ಕಂಪ್ನಿ ದುಡ್ಡು ಕೊಡಲ್ಲ. ನೀವು ನಮ್ಮ ಸ್ಟಾಫ್ ಅಲ್ಲ, ಕಾಂಟ್ರಾಕ್ಟು. ನಾನೇನೂ ಮಾಡಕ್ಕಾಗಲ್ಲ.”

ಹೀಗೆ ಹೇಳಿ ಅವನು ಫಾರಂಗಳನ್ನು ಡ್ರಾಯರಿನೊಳಗೆ ಹಾಕಿ ಬೀಗ ಹಾಕಿಕೊಂಡ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬರುವ ಬಸ್ಸಿನಲ್ಲಿ ಕುಮಾರಿ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಅಕ್ಷರ ಬರೆದು ಬರೆದು ಅಳಿಸಿದಳು.

ಬೆಂಗಳೂರಿನ ಟೀ ಕಂಪನಿಯೊಂದಕ್ಕೆ ಅವ್ವ ಮಾಡುತ್ತಿದ್ದ ಕೆಲಸ ಒಂಥರಾ ಗುಟ್ಟಿನದು. ಅವ್ವ ಮಾಮೂಲಿ ಗಿರಾಕಿಯ ಹಾಗೆ ಅಂಗಡಿಗೆ ಹೋಗಿ ಟೀ ಪುಡಿ ಕೇಳಬೇಕು. ಅಂಗಡಿಯವರು ಯಾವ ಕಂಪನಿಯದು ಕೊಡುತ್ತಾರೆ, ಪೊಟ್ಟಣ ಎಲ್ಲಿ ಇಟ್ಟಿದ್ದಾರೆ, ಹೇಗೆ ಮಾತನಾಡಿಸುತ್ತಾರೆ, ಎಲ್ಲ ನೋಡಿಕೊಂಡು ಬಂದು ಫಾರಂ ತುಂಬಬೇಕು. ಯಾರಿಗೂ ಹೇಳಬಾರದು. ತಿಂಗಳಿಗೆ ಆರು ಅಂಗಡಿ. ಅದಕ್ಕಾಗಿ ಅವ್ವ ಚೆಂಡುಹೂ ಕೊಯ್ಯುವ ಕೂಲಿಯನ್ನೂ ಎಷ್ಟೋ ದಿನ ಬಿಟ್ಟಿದ್ದಳು.

ಅವ್ವನಿಗೆ ಬರೆಯಲು ಬರುವುದಿಲ್ಲ. “ಮಗಳು ಐದನೇ ಕ್ಲಾಸ್ ಅಲ್ವಾ? ಅವಳೇ ಬರೀಲಿ” ಎಂದು ಮೊದಲ ದಿನ ಹೇಳಿದ್ದು ಇದೇ ನಿಂಗರಾಜು. ಕೆಲಸಕ್ಕೆ ಹಚ್ಚುವಾಗ ನಡೆಯುತ್ತಿದ್ದ ಅಕ್ಷರ, ದುಡ್ಡು ಕೊಡುವಾಗ ಮಕ್ಕಳ ಅಕ್ಷರವಾಗಿಬಿಟ್ಟಿತು!

ಆದರೆ ಕುಮಾರಿಗೆ ಅದೆಲ್ಲ ಹೊಳೆಯಲಿಲ್ಲ. ತನ್ನಿಂದಲೇ ಅವ್ವನ ದುಡ್ಡು ಹೋಯಿತು ಎಂದುಕೊಂಡಳು. ಅವಳ ಅಕ್ಷರಗಳು ದುಂಡಗೆ, ದಪ್ಪಗೆ. ಅವತ್ತು ಸಂಜೆಯಿಂದಲೇ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ದೊಡ್ಡವರ ಹಾಗೆ ಸಣ್ಣಗೆ, ಓರೆಯಾಗಿ ಬರೆಯಲು ಶುರು ಮಾಡಿದಳು. ಬರೆದದ್ದು ಅವಳಿಗೇ ಓದಲು ಬರಲಿಲ್ಲ.

ಬುಧವಾರ ಬೆಲ್ಲ ತರಲು ಗುರುಪಾದಸ್ವಾಮಿಯ ಅಂಗಡಿಗೆ ಹೋದಳು. ಟೀ ಪುಡಿಯ ಡಬ್ಬ ಮಾಮೂಲಿ ಜಾಗದಲ್ಲಿ ಇರಲಿಲ್ಲ.

“ಗುರುಪಾದಣ್ಣ, ಟೀ ಪುಡಿ ಯಾಕೆ ಅತ್ಲಾಗಿಟ್ರಿ?”

“ಕಂಪ್ನಿಯೋರು ಕಾಗ್ದ ಬರ್ದವ್ರೆ ಕಣಮ್ಮಿ. ನೋಡಿಲ್ಲಿ.” ಅವರು ಕನ್ನಡಕ ಏರಿಸಿಕೊಂಡು ಓದಿದರು. “‘ಊದುಬತ್ತಿ ಪಕ್ಕ ಇಟ್ಟಿರುವುದರಿಂದ ಟೀಗೆ ದೇವರ ಮನೆ ವಾಸನೆ ಬರುತ್ತದೆ.’ ಬೆಂಗ್ಳೂರಲ್ಲಿ ಕುಂತವ್ರಿಗೆ ನಮ್ಮಂಗ್ಡಿ ವಾಸ್ನೆ ಎಂಗ್ ಗೊತ್ತಾಯ್ತು ಅಂತೀನಿ!”

ಕುಮಾರಿ ಬೆಲ್ಲ ಮರೆತೇಬಿಟ್ಟಳು. ದೇವರ ಮನೆ ವಾಸನೆ! ಅದು ಅವಳ ಮಾತು. ಮೊದಲ ತಿಂಗಳು ಅವ್ವನ ಜೊತೆ ಇಲ್ಲಿಗೆ ಬಂದು ಹೋಗಿ, ಈ ಅಂಗಡಿಯ ಫಾರಂನಲ್ಲಿ ಅವಳೇ ಬರೆದದ್ದು. ಪಾಸಾಗದ ಫಾರಂನ ಮಾತು ಬೆಂಗಳೂರಿಗೆ ಹೇಗೆ ಹೋಯಿತು? ನಿಂಗರಾಜು ಅದನ್ನು ನಕಲು ಮಾಡಿ ಕಳಿಸಿ, ದುಡ್ಡು ತಾನೇ ಇಟ್ಟುಕೊಂಡನೇ?

“ಅಣ್ಣ, ಆ ಕಾಗದ ಒಂದಿನ ಕೊಡ್ತೀರಾ?”

“ನಿಂಗ್ಯಾಕೆ?”

ಗುಟ್ಟು ಹೇಳಬಾರದು. ಹೇಳದೆ ಕಾಗದ ಸಿಗುವುದಿಲ್ಲ. ಕುಮಾರಿ ಎಲ್ಲವನ್ನೂ ಹೇಳಿಬಿಟ್ಟಳು.

ಗುರುಪಾದಸ್ವಾಮಿಯ ಮುಖ ಸಣ್ಣದಾಯಿತು. “ನಮ್ಮಂಗ್ಡೀಗ್ ಬಂದು ನನ್ ಮ್ಯಾಲೇ ಬರ್ಕಂಡೋದ್ಯಾ? ನಾನು ನಿಂಗೆ ಪೆಪ್ಪರ್‌ಮಿಂಟ್ ಬೇರೆ ಕೊಟ್ಟಿದ್ನಲ್ಲ!”

“ಅದನ್ನೂ ಬರ್ದಿದೀನಿ ಅಣ್ಣ. ತೂಕದಲ್ಲಿ ಮೋಸ ಇಲ್ಲ ಅಂತಾನೂ ಬರ್ದಿದೀನಿ. ನಿಜವಾಗ್ಲೂ.” ಅವಳಿಗೆ ಅಳು ಬಂತು.

ಅವರು ತಕ್ಕಡಿಯ ತಟ್ಟೆಯನ್ನು ಬಟ್ಟೆಯಿಂದ ಒರೆಸಿದರು. ಆಮೇಲೆ ಕಾಗದ ಮಡಿಸಿ ಅವಳ ಕೈಗಿಟ್ಟರು. “ದುಡುಸ್ಕಂಡು ಕಾಸ್ ಕೊಡ್ನಿಲ್ವಾ ಅವ್ನು? ತಕ್ಕೊಂಡೋಗು. ವಾಪಸ್ ತಂದ್ಕೊಡು, ಅಷ್ಟೇಯ.”

ಅವ್ವ ಎಲ್ಲ ಕೇಳಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. “ಕುಣೀಲಾರ್ದವ್ಳು ನೆಲ ಡೊಂಕು ಅಂದ್ಲಂತೆ. ಕಾಸ್ ಕೊಡ್ನಾರ್ದವ್ನಿಗೆ ನನ್ ಮಗ್ಳ ಅಕ್ಷರ ಡೊಂಕಾ? ಶನಿವಾರ ಸ್ಕೂಲ್ ಬುಟ್ಟೇಟ್ಗೆ ಬಾ, ಓಗನ.”

ಶನಿವಾರ ಮಧ್ಯಾಹ್ನ ಇಬ್ಬರೂ ನಿಂಗರಾಜುವಿನ ಮೇಜಿನ ಮುಂದೆ ನಿಂತರು. ಕಾಗದ ಓದುತ್ತ ಅವನು ಒಂದೆರಡು ಸಲ ಕೆಮ್ಮಿದ.

“ಇದು... ಬೇರೆ ಯಾರೋ ಬರೆದಿರಬೇಕು.”

“ದೇವರ ಮನೆ ವಾಸನೆ ಅಂತ ನಾನೇ ಬರ್ದಿದ್ದು ಸಾರ್” ಅಂದಳು ಕುಮಾರಿ. “ಡ್ರಾಯರ್ ತೆಗೀರಿ, ಅಕ್ಷರ ನೋಡನ.”

ನಿಂಗರಾಜು ಡ್ರಾಯರಿನ ಮೇಲೆ ಕೈಯಿಟ್ಟುಕೊಂಡ. “ಆಯ್ತಮ್ಮ, ಮುಂದಿನ ತಿಂಗಳು ಬನ್ನಿ.”

“ಬರಾಕಿಲ್ಲ. ಕುಂತ್ಕತೀವಿ” ಎಂದು ಅವ್ವ ಬೆಂಚಿನ ಮೇಲೆ ಕುಳಿತೇಬಿಟ್ಟಳು.

ಕುಮಾರಿಯೂ ಕುಳಿತಳು. ಅವಳ ಬ್ಯಾಗಿನಲ್ಲಿ ಒಂದು ಖಾಲಿ ಫಾರಂ ಉಳಿದಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದಳು.

“ಏನೇ ಬರೀತಿದೀಯಾ?”

“ನಿಮ್ಮಾಫೀಸಿಂದು ಸಾರ್. ‘ಬಂದವರನ್ನು ಕೂರಲು ಹೇಳಿದರೇ?’ ಇಲ್ಲ. ‘ಮರ್ಯಾದೆಯಿಂದ ಮಾತನಾಡಿಸಿದರೇ?’ ಇಲ್ಲ.”

“ಏಯ್, ಅದು ಅಂಗಡಿಗಳಿಗೆ ಇರೋದು!”

“‘ಕೇಳಿದ್ದನ್ನು ಕೊಟ್ಟರೇ?’” ಕುಮಾರಿ ಪೆನ್ನು ಎತ್ತಿ ಹಿಡಿದಳು. “ಇದಿನ್ನೂ ಬರ್ದಿಲ್ಲ ಸಾರ್. ಕಾಯ್ತಾ ಇದೀನಿ.”

ನಿಂಗರಾಜು ಫಾರಂ ನೋಡಿದ. ಕಂಪನಿಯ ವಿಳಾಸವಿದ್ದ ಕಾಗದ ನೋಡಿದ. ಕೊನೆಗೆ ಬೀಗ ತೆಗೆದು ಎರಡು ತಿಂಗಳ ದುಡ್ಡು ಮೇಜಿನ ಮೇಲಿಟ್ಟ. “ಇನ್ನೊಂದು ತಿಂಗಳಿಂದು ಗೊತ್ತಿಲ್ಲ. ಇನ್ಮೇಲೆ ಇಲ್ಲಿ ಕೆಲಸಾನೂ ಇಲ್ಲ.”

“ನಿನ್ ಕೆಲ್ಸ ಯಾರ್ಗ್ ಬೇಕಪ್ಪ? ಚೆಂಡುಹೂ ತೋಟ್ದಲ್ಲಿ ವಾರವಾರ ಬಟವಾಡೆ ಕೊಡ್ತಾರೆ” ಎಂದು ಅವ್ವ ಎದ್ದಳು. “ಕುಮಾರಿ, ಇದ್ದುದ್ ಇದ್ದಂಗ್ ಬರಿ.”

ಗುಂಡ್ಲುಪೇಟೆಗೆ ಬಂದವರೇ ಕಾಗದ ವಾಪಸ್ ಕೊಡಲು ಹೋದರು. ಗುರುಪಾದಸ್ವಾಮಿ ಗಲ್ಲಾ ಪೆಟ್ಟಿಗೆಯಿಂದ ಒಂದು ಅಂಚೆ ಕವರ್ ತೆಗೆದುಕೊಟ್ಟರು. ಕಾಸು ಕೊಡಹೋದರೆ ಬೇಡವೆಂದರು. ಅವತ್ತು ಪೆಪ್ಪರ್‌ಮಿಂಟ್ ಮಾತ್ರ ಕೊಡಲಿಲ್ಲ.

ಅಂಗಡಿಯ ಕಟ್ಟೆಯ ಮೇಲೆ ಕುಳಿತು ಅವಳು ಫಾರಂ ಮುಗಿಸಿದಳು. ‘ಎರಡು ತಿಂಗಳದು ಕೊಟ್ಟರು. ಒಂದು ತಿಂಗಳದು ಕೊಡಲಿಲ್ಲ.’ ಅಕ್ಷರ ಸಣ್ಣಗೆ ಮಾಡುವುದು ನೆನಪಾಗಲೇ ಇಲ್ಲ. ದುಂಡಗೆ, ದಪ್ಪಗೆ, ದೂರದಿಂದಲೂ ಓದುವ ಹಾಗಿತ್ತು.

ಕೆಳಗೆ ‘ಬರೆದವರು’ ಎಂಬ ಜಾಗವಿತ್ತು. ಹದಿನೆಂಟು ಫಾರಂಗಳಲ್ಲೂ ಅಲ್ಲಿ ಅವ್ವನ ಹೆಸರು ಹಾಕಿದ್ದಳು. ಈಗ ಅವಳು ಅವ್ವನ ಮುಖ ನೋಡಿದಳು. ಅವ್ವ ಹೂಂಗುಟ್ಟಿದಳು.

ಕುಮಾರಿ, ಐದನೇ ತರಗತಿ, ಎಂದು ಬರೆದು, ಕವರಿನ ಮೇಲೆ ಬೆಂಗಳೂರಿನ ಕಂಪನಿಯ ವಿಳಾಸ ಹಾಕಿ, ಅವಳು ಅಂಟು ಹಚ್ಚಿದಳು.